ಚಕ್ರವರ್ತಿಯ ಸಮಾಧಿಯ ಕಥೆಯನ್ನು ಒರೆಗೆ ಹಚ್ಚುವ ಬಗೆ: ಚಿಕ್ಕಬೆಟ್ಟದಲ್ಲೊಂದು ಅಭ್ಯಾಸ

ಮೌರ್ಯ ಚಕ್ರವರ್ತಿ ಚಂದ್ರಗುಪ್ತನ ಸಮಾಧಿ ಶ್ರವಣಬೆಳಗೊಳದಲ್ಲಿದೆ ಎಂಬ ಮಾತನ್ನು ಹಾಸನ ಜಿಲ್ಲೆಯವರಾದ ನಾವು ಶಾಲೆಯ ಪ್ರವಾಸದ ದಿನಗಳಿಂದಲೇ ಕೇಳುತ್ತ ಬಂದಿದ್ದೇವೆ. ಅವನು ರಾಜ್ಯವನ್ನು ತೊರೆದು, ಜೈನ ಗುರು ಭದ್ರಬಾಹುವಿನ ಶಿಷ್ಯನಾಗಿ ಇಲ್ಲಿಗೆ ಬಂದು ದೇಹ ಬಿಟ್ಟನೆಂಬುದು ಆ ಕಥೆ. ಇಂಥ ಮಾತನ್ನು ನಂಬುವ ಅಥವಾ ಅಲ್ಲಗಳೆಯುವ ಮೊದಲು ಪರಿಶೀಲಿಸುವ ಕ್ರಮವೊಂದಿದೆ. ಅದನ್ನು ಕಲಿಯಲು ಚಿಕ್ಕಬೆಟ್ಟವೇ, ಅಂದರೆ ಚಂದ್ರಗಿರಿಯೇ, ತಕ್ಕ ಜಾಗ.

ಮೊದಲು ‘ಸಮಾಧಿ’ ಎಂಬ ಪದವನ್ನೇ ಹಿಡಿದು ನಿಲ್ಲಿಸಬೇಕು. ಇಂದಿನ ಕನ್ನಡದಲ್ಲಿ ಅದು ಗೋರಿ. ಜೈನ ಶಾಸನಗಳಲ್ಲಾದರೋ ಅನ್ನಾಹಾರಗಳನ್ನು ತೊರೆದು, ವ್ರತದಿಂದ ದೇಹ ಬಿಡುವ ಕ್ರಿಯೆ. ಹೀಗೆ ದೇಹ ಬಿಟ್ಟವರ ನೆನಪಿಗೆ ನಿಲ್ಲಿಸುವ ಕಲ್ಲು ನಿಷಿಧಿ. ಬೆಟ್ಟದಲ್ಲಿ ಚಕ್ರವರ್ತಿಯ ಗೋರಿಯನ್ನು ಹುಡುಕಿ ನಿರಾಶರಾಗುವವರು ಬಹುಮಟ್ಟಿಗೆ ಈ ಪದದಲ್ಲಿಯೇ ಎಡವಿರುತ್ತಾರೆ.

ಎರಡನೆಯದಾಗಿ, ಲಭ್ಯವಿರುವ ಅತ್ಯಂತ ಹಳೆಯ ಆಧಾರವನ್ನು ಓದಬೇಕು. ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿರುವ ಶಾಸನವು ಸಂಸ್ಕೃತ ಭಾಷೆಯಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿದ್ದು, ಸುಮಾರು ಕ್ರಿ.ಶ. 600ರದೆಂದು ಎಣಿಸಲಾಗಿದೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು 12 ವರ್ಷಗಳ ಕ್ಷಾಮವನ್ನು ಮುನ್ನರಿತು ಹೇಳಿದ್ದು, ಜೈನ ಸಂಘವು ಉತ್ತರದಿಂದ ದಕ್ಷಿಣಕ್ಕೆ ಬಂದದ್ದು, ಪ್ರಭಾಚಂದ್ರನೆಂಬ ಆಚಾರ್ಯನು ಕಟವಪ್ರವೆಂಬ ಈ ಬೆಟ್ಟದಲ್ಲಿ ಸಂಘವನ್ನು ಕಳುಹಿಸಿಕೊಟ್ಟು ಸಮಾಧಿಯನ್ನು ಸಾಧಿಸಿದ್ದು, ಮುಂದೆ 700 ಋಷಿಗಳೂ ಅದೇ ದಾರಿ ಹಿಡಿದದ್ದು ಅದರಲ್ಲಿ ಬರುತ್ತವೆ. ಚಂದ್ರಗುಪ್ತನ ಹೆಸರು ಮಾತ್ರ ಇಲ್ಲ. ಪ್ರಭಾಚಂದ್ರನೇ ಚಂದ್ರಗುಪ್ತನೆಂದು ಶಾಸನತಜ್ಞ ಬಿ.ಎಲ್. ರೈಸ್ ವಾದಿಸಿದರು, ಇನ್ನೊಬ್ಬ ಶಾಸನತಜ್ಞ ಜೆ.ಎಫ್. ಫ್ಲೀಟ್ ಒಪ್ಪಲಿಲ್ಲ. ಶಾಸನದ ಪಾಠವು ಶಾಸನಗಳ ಸಂಗ್ರಹಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟದಲ್ಲಿದೆ. ಅದನ್ನು ಮನೆಯಲ್ಲಿ ಓದಿಕೊಂಡೇ ಬೆಟ್ಟ ಹತ್ತುವುದು ಮೇಲು.

ಮೂರನೆಯದು, ಘಟನೆಗೂ ಬರಹಕ್ಕೂ ನಡುವಿನ ವರ್ಷಗಳನ್ನು ಎಣಿಸುವುದು. ಚಂದ್ರಗುಪ್ತನ ಆಳ್ವಿಕೆ ಮುಗಿದದ್ದು ಕ್ರಿ.ಪೂ. 300ರ ಆಸುಪಾಸಿನಲ್ಲಿ, ಎಂದರೆ ಈ ಶಾಸನಕ್ಕೂ ಅವನಿಗೂ ಸುಮಾರು 900 ವರ್ಷಗಳ ಅಂತರ. ಕಳ್ಬಪ್ಪು ಬೆಟ್ಟದ (ಇದೂ ಚಿಕ್ಕಬೆಟ್ಟದ ಹಳೆಯ ಹೆಸರೇ) ತುದಿಯಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಪತಿಯ ಪಾದಗಳ ಗುರುತಿದೆ ಎನ್ನುವ ಶ್ರೀರಂಗಪಟ್ಟಣ ಸೀಮೆಯ ಶಾಸನಗಳು ಬರುವುದು ಸುಮಾರು ಕ್ರಿ.ಶ. 900ರಲ್ಲಿ, ಮತ್ತೆ 300 ವರ್ಷಗಳ ಬಳಿಕ. ಅಲ್ಲಿಯೂ ಅವನು ಮುನಿಪತಿಯೇ ಹೊರತು ಮೌರ್ಯನೆಂದು ಹೇಳಿಲ್ಲ ಎಂಬುದನ್ನು ಗಮನಿಸಬೇಕು.

ಹಾಗೆಂದು ಮೌನವನ್ನೇ ಇಲ್ಲವೆಂಬುದಕ್ಕೆ ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಅವಸರದ ಸಂಶಯವಾದಿಗಳು ತಪ್ಪುವುದು ಇಲ್ಲಿಯೇ. ಚೀನಾದ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗ್ ಸತ್ತದ್ದು ಕ್ರಿ.ಪೂ. 210ರಲ್ಲಿ. ಸುಮಾರು ನೂರು ವರ್ಷಗಳ ಅನಂತರ ಬರೆದ ಇತಿಹಾಸಕಾರ ಸಿಮಾ ಚಿಯನ್, ಆ ಗೋರಿಯೊಳಗೆ ಪಾದರಸದ ನದಿಗಳಿವೆ ಎಂದನು. ಮಣ್ಣಿನ ಸೈನಿಕರ ಬಗೆಗೆ ಒಂದು ಮಾತನ್ನೂ ಆಡಲಿಲ್ಲ. 1974ರಲ್ಲಿ ರೈತರು ಬಾವಿ ತೋಡುವಾಗ ಆ ಸೈನ್ಯವೇ ಸಿಕ್ಕಿತು. ಇತ್ತ ಗೋರಿಯ ಮೇಲಿನ ದಿಬ್ಬದ ಮಣ್ಣಿನಲ್ಲಿ ಪಾದರಸದ ಪ್ರಮಾಣ ಅಸಹಜವಾಗಿ ಹೆಚ್ಚಿರುವುದೂ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಮುಖ್ಯ ಗೋರಿಯನ್ನು ಇಂದಿಗೂ ತೆರೆದಿಲ್ಲ. ಹೇಳಿದ್ದು ಕಟ್ಟುಕಥೆಯಾಗಬೇಕಿಲ್ಲ, ಹೇಳದಿದ್ದುದು ಇಲ್ಲದೆಯೂ ಇರಬೇಕಿಲ್ಲ.

ಬೆಟ್ಟಕ್ಕೆ ಬೆಳಿಗ್ಗೆ ಬೇಗ ಹೋಗಬೇಕು. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳ ಅಂಚು ಎದ್ದು ಕಾಣುತ್ತದೆ. ಮಧ್ಯಾಹ್ನದ ಬಂಡೆಯ ಮೇಲೆ ಬರಿಗಾಲಿನಲ್ಲಿ ನಡೆಯುವುದೂ ಕಷ್ಟ. ಅಕ್ಷರಗಳಿಗೆ ಸುಣ್ಣವನ್ನಾಗಲಿ ಸೀಮೆಸುಣ್ಣವನ್ನಾಗಲಿ ತುಂಬಬಾರದು. ಟಿಪ್ಪಣಿಯ ಪುಸ್ತಕದಲ್ಲಿ ಪುಟವನ್ನು ಎರಡಾಗಿ ಗೆರೆ ಎಳೆದು, ಕಲ್ಲಿನಲ್ಲಿ ಕಂಡದ್ದನ್ನು ಒಂದು ಕಡೆಗೂ ಜೊತೆಗಿದ್ದವರು ಹೇಳಿದ್ದನ್ನು ಇನ್ನೊಂದು ಕಡೆಗೂ ಬರೆದುಕೊಳ್ಳಬೇಕು.

ಶಾಸನವನ್ನು ನೋಡಿಯಾದ ಮೇಲೆ ಭದ್ರಬಾಹು ಗುಹೆಯ ಪಾದಗಳನ್ನು ನೋಡಬಹುದು. ಚಂದ್ರಗುಪ್ತ ಬಸದಿಯ ಜಾಲಂಧ್ರವನ್ನು, ಅಂದರೆ ರಂಧ್ರಗಳುಳ್ಳ ಕಲ್ಲಿನ ಜಾಲರಿಯನ್ನು, ಮಾತ್ರ ಕೊನೆಗೆ ಇಟ್ಟುಕೊಳ್ಳಿ. 12ನೆಯ ಶತಮಾನದ ಆ ಕೆತ್ತನೆಯಲ್ಲಿ ಭದ್ರಬಾಹು–ಚಂದ್ರಗುಪ್ತರ ಕಥೆ ಪುಟ್ಟ ಪುಟ್ಟ ಚೌಕಗಳಲ್ಲಿ ಎಷ್ಟು ಮನದಟ್ಟಾಗುವಂತೆ ಮೂಡಿದೆಯೆಂದರೆ, ಅದನ್ನು ಮೊದಲು ನೋಡಿದ ಕಣ್ಣು ಬಂಡೆಯ ಶಾಸನದಲ್ಲಿ ಇಲ್ಲದ ಹೆಸರನ್ನೂ ಓದಿಬಿಡುತ್ತದೆ.