ಗೋಣಿ ಬಿಟ್ಟು ಕಂಟೇನರಿಗೇ ಕಾಫಿ ಸುರಿದೆ

1956ರಲ್ಲಿ ಅಮೆರಿಕದ ಲಾರಿ ಮಾಲೀಕ ಮಾಲ್ಕಮ್ ಮೆಕ್ಲೀನ್ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹಡಗಿನಲ್ಲಿ 58 ಕಂಟೇನರು, ಅಂದರೆ ತಗಡಿನ ದೊಡ್ಡ ಪೆಟ್ಟಿಗೆ, ಹೇರಿ ಕಳಿಸಿದಾಗ, ಟನ್ನಿಗೆ 6 ಡಾಲರ್ ಹತ್ತಿರವಿದ್ದ ಹೇರುವ ಖರ್ಚು 16 ಸೆಂಟಿಗೆ ಬಿತ್ತಂತೆ. ಬಂದರಿನ ಹಮಾಲಿ ಖರ್ಚು ಉಳಿತಾಯವಾಯಿತು, ಸರಿ. ನಾವು ರೋಬಸ್ಟಾ ಕಾಫಿಯವರು ಮಾತ್ರ ಅದೇ 60 ಕೆಜಿ ಗೋಣಿ ಹೊಲಿದು, ಹಮಾಲರ ಬೆನ್ನಿಗೆ ಹೊರಿಸಿ ಪೆಟ್ಟಿಗೆಯೊಳಗೆ ಜೋಡಿಸುತ್ತಲೇ ಬಂದೆವು. ಹಡಗುಕಟ್ಟೆಯ ಖರ್ಚು ಬೀಜ ಹಸನು ಮಾಡುವ ನಮ್ಮ ಕ್ಯೂರಿಂಗ್ ಅಂಗಳಕ್ಕೆ ವರ್ಗವಾಯಿತು, ಅಷ್ಟೇ.

ಪೆಟ್ಟಿಗೆಯೊಳಗೆ ಲೈನರ್, ಅಂದರೆ ಪೆಟ್ಟಿಗೆಯಷ್ಟೇ ದೊಡ್ಡ ಒಳಚೀಲ, ಕಟ್ಟಿ ಗೋಣಿಯಿಲ್ಲದೆ ಬೀಜ ಸುರಿಯುವುದನ್ನು ದೊಡ್ಡ ಕಂಪನಿಗಳು ಎಂದೋ ಶುರುಮಾಡಿದ್ದವು. ನಮ್ಮಂಥ ಸಣ್ಣವರಿಗೆ ಆಗದ ಮಾತು ಎಂದವರೇ ಹೆಚ್ಚು. ನಮ್ಮ ಮೇಸ್ತ್ರಿ ನೇರವಾಗಿ ಹೇಳಿದರು: "ಗೋಣಿಯಾದ್ರೆ ನಾಲ್ಕು ಚೀಲ ಬೂಷ್ಟು ಹಿಡೀತದೆ ಸಾರ್, ಸುರಿದ್ರೆ ಇಡೀ ಪೆಟ್ಟಿಗೇನೇ ಹೋಗ್ತದೆ."

ಲೆಕ್ಕ ನೋಡಿ. 20 ಅಡಿ ಪೆಟ್ಟಿಗೆಗೆ 320 ಚೀಲ, ಅಂದರೆ 19.2 ಟನ್. ಸುರಿದರೆ 21 ಟನ್ ದಾಟುತ್ತದೆ. ಹತ್ತು ಪೆಟ್ಟಿಗೆಯ ಮಾಲು ಒಂಬತ್ತರಲ್ಲಿ ಕೂರುತ್ತದೆ, ಒಂದು ಪೆಟ್ಟಿಗೆಯ ಬಾಡಿಗೆ ಪೂರ್ತಿ ಉಳಿತಾಯ. ಗೋಣಿಗೇ ಪೆಟ್ಟಿಗೆಗೆ ಮೂವತ್ತು ಸಾವಿರ ಹೋಗುತ್ತಿತ್ತು. ಲೈನರ್ ಅದರ ಅರ್ಧಕ್ಕೂ ಕಡಿಮೆ.

ಮೊದಲ ಪೆಟ್ಟಿಗೆ ಚಳಿಗಾಲದಲ್ಲಿ ಇಟಲಿಗೆ ಹೋಯಿತು. ಮಂಗಳೂರಿನ ಸೆಕೆ ತುಂಬಿಕೊಂಡ ಪೆಟ್ಟಿಗೆ ಮೆಡಿಟರೇನಿಯನ್ ಚಳಿಗೆ ಸಿಕ್ಕಿದರೆ ತಗಡಿನ ಚಾವಣಿ ಬೆವರುತ್ತದೆ, ತೊಟ್ಟಿಕ್ಕುತ್ತದೆ. ಮೇಲಿನ ಪದರ ಗಟ್ಟಿ ಕಟ್ಟಿತ್ತು. ಖರೀದಿದಾರ ಎರಡು ಲಕ್ಷದ ಹತ್ತಿರ ಮುರಿದುಕೊಂಡ. ಇನ್ನೊಂದರಲ್ಲಿ ಬಾಗಿಲ ಬಳಿಯ ತಡೆ ಬಸುರಿಯ ಹೊಟ್ಟೆಯಂತೆ ಉಬ್ಬಿ, ಅಲ್ಲಿ ಬಾಗಿಲು ತೆಗೆಯುವುದೇ ಕಷ್ಟವಾಯಿತಂತೆ. ಕಬ್ಬಿಣದ ಅಡ್ಡಪಟ್ಟಿ ಹೆಚ್ಚಿಸಿದ ಮೇಲೆ ಆ ತಲೆನೋವು ಹೋಯಿತು.

ನೀರಿನದ್ದು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬೀಜದ ತೇವಾಂಶ ಶೇ. 12.5 ಇದ್ದರೂ ನಡೆಯುತ್ತದೆ ಅನ್ನುತ್ತಾರೆ. ನಾನು 11ರ ಆಸುಪಾಸಿಗೆ ಬರುವವರೆಗೆ ಮುಟ್ಟುವುದಿಲ್ಲ. ತೂಕದಲ್ಲಿ ಕಳೆದುಕೊಳ್ಳುತ್ತೇನೆ, ಗೊತ್ತು. ಖಾಲಿ ಪೆಟ್ಟಿಗೆಯ ಒಳಗೆ ನಿಂತು ಬಾಗಿಲು ಹಾಕಿಸಿ ಬೆಳಕಿನ ಚುಕ್ಕೆ ಹುಡುಕುತ್ತೇನೆ. ಒಂದು ಕಂಡರೂ ಪೆಟ್ಟಿಗೆ ವಾಪಸ್. ಇಬ್ಬನಿ ಪೂರ್ತಿ ಆರಿದ ಮೇಲೆಯೇ ಬೀಜ ಊದಿ ತುಂಬುವ ಬ್ಲೋವರ್ ಚಾಲು, ಅದೇ ದಿನ ಸೀಲ್. ತೇವ ಹೀರುವ ಚೀಲ ಎಲ್ಲರೂ ತೂಗುಹಾಕುತ್ತಾರೆ. ಎಷ್ಟು, ಎಲ್ಲಿ, ಲೈನರಿನ ಬಾಯಿ ಹೇಗೆ ಕಟ್ಟುವುದು ಅನ್ನುವುದು ನನ್ನ ಹತ್ತಿರವೇ ಇರಲಿ. ಆಮೇಲೆ ಒಂದು ಕ್ಲೇಮೂ ಬಂದಿಲ್ಲ. ಅದೇ ಮೇಸ್ತ್ರಿ ಈಗ ಪಕ್ಕದ ಕ್ಯೂರಿಂಗ್ ವರ್ಕ್ಸಿನವರಿಗೆ ಪಾಠ ಹೇಳುತ್ತಾರೆ!

ಹುಮ್ಮಸ್ಸಿನಲ್ಲಿ ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿ ಕೂಡ ಸುರಿದು ನೋಡಿದೆ. ಹಾಯಿ ಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದ ಗಾಳಿ ಕುಡಿದು ಬೀಜ ಊದಿ ಹಳದಿಯಾಗುತ್ತಿತ್ತು. ಯುರೋಪಿನವರು ಅದೇ ರುಚಿಗೆ ಒಗ್ಗಿದ್ದರು. ಪ್ರಯಾಣ ಚುರುಕಾದ ಮೇಲೆ ನಮ್ಮ ಕರಾವಳಿಯ ಗೋದಾಮಿನಲ್ಲಿ ಮಳೆಗಾಲದ ಗಾಳಿಗೆ ಬಿಟ್ಟು ಅದನ್ನೇ ಮಾಡುತ್ತೇವೆ. ಆ ಉಬ್ಬಿದ ಬೀಜ ಬ್ಲೋವರಿನ ಹೊಡೆತಕ್ಕೆ ತಾಳಲಿಲ್ಲ, ಒಡೆದದ್ದೇ ಒಡೆದದ್ದು. ಅದಕ್ಕೆ ಗೋಣಿಯೇ ಸೈ.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಯ ಗಲಾಟೆ ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ, ಎರಡು ವಾರ ಹೆಚ್ಚು ಸಮುದ್ರದಲ್ಲಿದ್ದ ಪೆಟ್ಟಿಗೆಗಳೂ ಒಣಗಿಯೇ ತಲುಪಿದವು. ಬಾಡಿಗೆ ಏರಿದ್ದರಿಂದ ಆ ಹೆಚ್ಚುವರಿ ಎರಡು ಟನ್ನಿನ ಬೆಲೆ ಆಗಲೇ ಸರಿಯಾಗಿ ಗೊತ್ತಾದದ್ದು. ಪೆಟ್ಟಿಗೆ ಎತ್ತಿ ಸುರಿದುಕೊಳ್ಳುವ ವ್ಯವಸ್ಥೆ ಇಲ್ಲದ, ಕಾಫಿ ಹುರಿಯುವ ಸಣ್ಣ ರೋಸ್ಟರುಗಳಿಗೆ ಮಾತ್ರ ಈಗಲೂ ಚೀಲವೇ. ಅದರ ಖರ್ಚು ದರದಲ್ಲಿ ಸೇರಿಸುತ್ತೇನೆ.