ನಮ್ಮನೆ ಬೆಳಕಿನಲ್ಲಿ ಮೂರು ಕ್ಯಾಮ್‌ಕಾರ್ಡರ್: ನನ್ನ ಅನುಭವ

ಮಗಳಿಗೆ ಎರಡು ವರ್ಷವಿದ್ದಾಗ ಚಂದಮಾಮನನ್ನು "ತಂದಮಾಮ" ಅನ್ನುತ್ತಿದ್ದಳು. ಒಂದು ರಾತ್ರಿ ಕಿಟಕಿ ಹತ್ತಿರ ನಿಂತು ಅದೊಂದೇ ಮಾತನ್ನು ಹತ್ತಾರು ಸಲ ಹೇಳಿದಳು. ನಾನು ವಿಡಿಯೋ ಮಾಡಿಕೊಂಡೆ. ಆ ವಿಡಿಯೋ ಈಗಲೂ ಇದೆ. ಆದರೆ ಅವಳ ಮುಖದ ಮೇಲೆ ಮರಳು ಎರಚಿದ ಹಾಗೆ ಕಾಣುತ್ತದೆ. ಮಾತಿಗಿಂತ ಟೇಪ್ ತಿರುಗಿಸುವ ಮೋಟಾರಿನ ಗುಂಯ್ ಸದ್ದೇ ಜಾಸ್ತಿ ಕೇಳುತ್ತದೆ.

ಅದು ಮಿನಿ ಡಿವಿ ಅನ್ನುವ ಪುಟ್ಟ ಟೇಪ್ ಹಾಕುವ ಕ್ಯಾಮ್‌ಕಾರ್ಡರ್, ಅಂದರೆ ಕೈಯಲ್ಲಿ ಹಿಡಿಯುವ ವಿಡಿಯೋ ಕ್ಯಾಮೆರಾ. ಆರಿಸಿದ್ದು ನಾನೇ. ಡಬ್ಬದ ಮೇಲೆ ನೂರಾರು ಪಟ್ಟು ಜೂಮ್ ಅಂತ ದೊಡ್ಡ ಅಕ್ಷರದಲ್ಲಿ ಬರೆದಿತ್ತು, ಅದನ್ನು ನೋಡಿ ತಗೊಂಡಿದ್ದೆ. ಹಗಲು ಹೊತ್ತು, ಹೊರಗೆ, ಚೆನ್ನಾಗಿಯೇ ತೆಗೆಯುತ್ತಿತ್ತು. ಆದರೆ ಮಕ್ಕಳು ಮನಸ್ಸು ಬಿಚ್ಚಿ ಆಡುವುದು, ಹಾಡುವುದು, ಕಥೆ ಹೇಳುವುದು ಎಲ್ಲ ಸಂಜೆ ಮೇಲೆ, ಮನೆಯೊಳಗೆ. ಅಲ್ಲಿ ಆ ಕ್ಯಾಮೆರಾ ಕೈಕೊಟ್ಟಿತು. ನಾಲ್ಕು ವರ್ಷ ಅದರಲ್ಲೇ ತೆಗೆದೆ. ಆ ನಾಲ್ಕು ವರ್ಷ ತಿರುಗಿ ಬರುವುದಿಲ್ಲ ಅಲ್ವಾ.

ಎರಡನೇ ಮಗು ಬರುವ ಹೊತ್ತಿಗೆ ಟೇಪಿನ ಕಾಲ ಮುಗಿದಿತ್ತು. ಸೋನಿ ಮತ್ತು ಪ್ಯಾನಸೋನಿಕ್ ಸೇರಿ 2006ರಲ್ಲಿ ಎವಿಸಿಎಚ್‌ಡಿ ಅನ್ನುವ ವಿಡಿಯೋ ಫಾರ್ಮ್ಯಾಟ್ ತಂದ ಮೇಲೆ ಮನೆ ಬಳಕೆಯ ಕ್ಯಾಮ್‌ಕಾರ್ಡರ್‌ಗಳು ಮೆಲ್ಲಗೆ ಮೆಮೊರಿ ಕಾರ್ಡಿಗೆ ಬಂದಿದ್ದವು. ಟೇಪ್ ಹೋಯಿತು, ಮೋಟಾರಿನ ಸದ್ದೂ ಹೋಯಿತು. ಆದರೂ ಈ ಸಲ ಡಬ್ಬ ನೋಡಿ ತರಬಾರದು ಅಂತ ಗಟ್ಟಿ ಮನಸ್ಸು ಮಾಡಿದೆ. ಕೊಳ್ಳುವ ಮೊದಲು ಮೂರು ಕ್ಯಾಮ್‌ಕಾರ್ಡರ್ ಮನೆಗೆ ತಂದು ನೋಡಿದೆ. ಒಂದು ಅಕ್ಕನದು, ಒಂದು ಗೆಳತಿಯದು, ಇನ್ನೊಂದು ಎರಡು ದಿನಕ್ಕೆ ಬಾಡಿಗೆಗೆ ತಂದದ್ದು.

ಮೊದಲು ಮೂರರ ಕೈಪಿಡಿಯ ಕೊನೆಯ ಪುಟ ತೆಗೆದು ಕೂತೆ. ಅಲ್ಲಿ ಜಾಸ್ತಿ ಹೊತ್ತು ಕೂರುವ ಅಗತ್ಯ ಇರಲಿಲ್ಲ. ಜೂಮಿನಲ್ಲಿ ಆಪ್ಟಿಕಲ್ ಅನ್ನುವುದಷ್ಟೇ ಲೆಕ್ಕ. ಲೆನ್ಸ್ ತಾನೇ ಹತ್ತಿರ ತರುವುದು ಅದು. ಡಿಜಿಟಲ್ ಜೂಮ್ ಅಂದರೆ ಬಂದ ಚಿತ್ರದ ನಡುವಿನ ಭಾಗವನ್ನು ಕತ್ತರಿಸಿ ಹಿಗ್ಗಿಸುವುದು, ಅಷ್ಟೇ. ಮೆಗಾಪಿಕ್ಸೆಲ್ ಸಂಖ್ಯೆಯನ್ನೂ ಬಿಟ್ಟೆ. 1920×1080ರ ಒಂದು ಫ್ರೇಮಿಗೆ ಬೇಕಾಗುವುದು ಸುಮಾರು 20 ಲಕ್ಷ ಪಿಕ್ಸೆಲ್, ಅಂದರೆ 2 ಮೆಗಾಪಿಕ್ಸೆಲ್. 4ಕೆ ವಿಡಿಯೋಗೂ 8 ಚಿಲ್ಲರೆ ಸಾಕು. ಅದಕ್ಕಿಂತ ಸೆನ್ಸರ್, ಅಂದರೆ ಲೆನ್ಸಿನ ಹಿಂದೆ ಬೆಳಕನ್ನು ಹಿಡಿಯುವ ಚಿಪ್, ಎಷ್ಟು ದೊಡ್ಡದು ಅನ್ನುವುದನ್ನು ಬರೆದಿಟ್ಟುಕೊಂಡೆ. ಸೆನ್ಸರ್ ದೊಡ್ಡದಾದಷ್ಟೂ ಅದರ ಮೇಲೆ ಬೀಳುವ ಬೆಳಕು ಜಾಸ್ತಿ. ಅಕ್ಕನ ಕ್ಯಾಮೆರಾದ ಸೆನ್ಸರ್ 1/5.8 ಇಂಚು, ಬಾಡಿಗೆಯದು 1/3 ಇಂಚಿನ ಆಸುಪಾಸು. ಕೇಳಲು ಸಣ್ಣ ವ್ಯತ್ಯಾಸ. ಸಂಜೆಯಾದ ಮೇಲೆ ಅದು ಎಷ್ಟು ದೊಡ್ಡದು ಅಂತ ಗೊತ್ತಾಯಿತು.

ಕೈಪಿಡಿಯಲ್ಲಿ ಲಕ್ಸ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಎಷ್ಟು ಕಡಿಮೆ ಬೆಳಕಿನಲ್ಲಿ ತೆಗೆಯಬಹುದು ಅನ್ನುವ ಲೆಕ್ಕ ಅದು. ಅದನ್ನು ನಂಬಿ ಕೂರಬೇಡಿ. ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ. ಶಟರನ್ನು ನಿಧಾನ ಮಾಡಿ, ಅಂದರೆ ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ಬೆಳಕು ತಗೊಂಡೂ ಆ ಸಂಖ್ಯೆಯನ್ನು ಕೆಳಗಿಳಿಸಬಹುದು. ಆಗ ಚಿತ್ರ ಬೆಳ್ಳಗೇ ಬರುತ್ತದೆ, ಆದರೆ ಕೈ ಆಡಿಸಿದರೆ ಹಿಂದೆ ಬಾಲದ ಹಾಗೆ ನೆರಳು ಎಳೆಯುತ್ತದೆ.

ನಿಜವಾದ ಪರೀಕ್ಷೆ ಶುರುವಾಗಿದ್ದು ರಾತ್ರಿ ಎಂಟಕ್ಕೆ. ಮಗಳು ಮಲಗುವ ಮುಂಚೆ ಕೂರುವ ಕೋಣೆ, ಗೋಡೆಯ ಮೇಲಿನ ಒಂದೇ ದೀಪ. ಮೂರು ಕ್ಯಾಮೆರಾವನ್ನೂ ಒಂದೇ ಮೇಜಿನ ಮೇಲೆ, ಒಂದೇ ಜಾಗದಲ್ಲಿ, ಒಂದಾದ ಮೇಲೊಂದು ಇಟ್ಟೆ. ಮಗಳು ಅದೇ ಪುಸ್ತಕದ ಅದೇ ಪುಟವನ್ನು ಮೂರು ಸಲ ಓದಿದಳು. ಪುಟ ತಿರುವುವಾಗ ಕೈ ಬೇಗ ಆಡಿಸು ಅಂತ ಹೇಳಿದ್ದೆ. ಆಮೇಲೆ ಮೂರನ್ನೂ ಟಿವಿಗೆ ಹಾಕಿ ನೋಡಿದೆ. ಇದನ್ನು ಒತ್ತಿ ಹೇಳುತ್ತೇನೆ: ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದ. ಮೂರಿಂಚಿನಲ್ಲಿ ಕಾಣದ ಕಾಳುಕಾಳು ಟಿವಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಅಕ್ಕನದರಲ್ಲಿ ಮಗಳ ಕೂದಲು ಒಂದು ಕಪ್ಪು ಮುದ್ದೆ. ಅದರ ಮೇಲೆ ನೀಲಿ ಕೆಂಪು ಚುಕ್ಕಿಗಳು ಕುಣಿಯುತ್ತಿದ್ದವು. ಬೆಳಕು ಸಾಲದಾಗ ಕ್ಯಾಮೆರಾ ತಾನಾಗಿಯೇ ಗೇನ್ ಏರಿಸುತ್ತದೆ, ಅಂದರೆ ಬಂದಷ್ಟು ಸಿಗ್ನಲನ್ನು ದೊಡ್ಡದು ಮಾಡುತ್ತದೆ. ಅದರ ಜೊತೆ ನಾಯ್ಸ್, ಅಂದರೆ ಈ ಚುಕ್ಕಿಗಳ ಗಲೀಜೂ ದೊಡ್ಡದಾಗುತ್ತದೆ. ಗೆಳತಿಯದರಲ್ಲಿ ಕಾಳು ಕಡಿಮೆ ಇತ್ತು, ಆದರೆ ಮುಖ ಮೇಣದ ಗೊಂಬೆಯ ಹಾಗಿತ್ತು. ಕಾಳನ್ನು ಒರೆಸುವಾಗ ಹುಬ್ಬು, ರೆಪ್ಪೆಗಳನ್ನೂ ಒರೆಸಿಬಿಟ್ಟಿತ್ತು. ಪುಟ ತಿರುವುವ ಕೈ ಮಸುಕಾಗಿತ್ತು. ಮೆನುವಿನಲ್ಲಿ ಹುಡುಕಿದರೆ ಆಟೋ ಸ್ಲೋ ಶಟರ್ ಆನ್ ಆಗಿತ್ತು. ಅದನ್ನು ಆಫ್ ಮಾಡಿ ಇನ್ನೊಮ್ಮೆ ತೆಗೆದೆ. ಚಿತ್ರ ಸ್ವಲ್ಪ ಕಪ್ಪಾಯಿತು, ಕೈ ಸರಿಹೋಯಿತು. ನನಗೆ ಹೀಗೆ ಆಫ್ ಮಾಡಿ ತೆಗೆದದ್ದೇ ಇಷ್ಟ. ಬಾಡಿಗೆಯದರಲ್ಲಿ ಮಾತ್ರ ಮಗಳ ಕಣ್ಣಿನೊಳಗಿನ ದೀಪದ ಹೊಳಪು ಕಂಡಿತು.

ಅಕ್ಕನ ಕ್ಯಾಮೆರಾದಲ್ಲಿ ಇನ್ನೊಂದು ತೊಂದರೆ ಕಂಡೆ. ಅದು ಬೇರೆ ದೇಶದಲ್ಲಿ ಕೊಂಡದ್ದು, 60 ಹರ್ಟ್ಸ್ ಕರೆಂಟಿನ ಕಡೆಗೆ ಮಾಡಿದ್ದು. ನಮ್ಮನೆ ಕರೆಂಟು 50 ಹರ್ಟ್ಸ್. ಅಂಥ ಕರೆಂಟಿನಲ್ಲಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕೆಲವು ಎಲ್‌ಇಡಿ ಬಲ್ಬುಗಳೂ ಹಾಗೇ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಶಟರ್ 1/50 ಅಥವಾ 1/100 ಸೆಕೆಂಡಿನಲ್ಲಿದ್ದರೆ ಮಿನುಗು ಅಳಿಸಿಹೋಗುತ್ತದೆ. ಅಕ್ಕನದು 1/60ಕ್ಕೆ ಅಂಟಿಕೊಂಡಿತ್ತು, ಹಾಗಾಗಿ ಟ್ಯೂಬ್‌ಲೈಟ್ ಕೋಣೆಯಲ್ಲಿ ಇಡೀ ಚಿತ್ರ ಉಸಿರಾಡಿದ ಹಾಗೆ ಬೆಳ್ಳಗೆ ಕಪ್ಪಗೆ ಆಗುತ್ತಿತ್ತು. 60 ಹರ್ಟ್ಸ್ ಇರುವ ಕಡೆ 50ರ ಕ್ಯಾಮೆರಾ ಒಯ್ದರೂ ಇದೇ ಪಾಡು. ಬೇರೆ ದೇಶದಿಂದ ತರಿಸುವವರು ಇದೊಂದನ್ನು ಕೇಳಿಕೊಂಡು ತರಿಸಿ.

ಇನ್ನು ಧ್ವನಿ. ನನ್ನ ಮಟ್ಟಿಗೆ ಇದು ಚಿತ್ರಕ್ಕಿಂತ ಮುಖ್ಯ. ಮಸುಕಾದ ಚಿತ್ರವನ್ನು ಸಹಿಸಿಕೊಂಡು ನೋಡಬಹುದು, ಮಾತು ಕೇಳದಿದ್ದರೆ ಎರಡು ನಿಮಿಷವೂ ನೋಡಲಾಗುವುದಿಲ್ಲ. ಆದ್ದರಿಂದ ತೆಗೆದ ವಿಡಿಯೋಗಳನ್ನು ಕಣ್ಣು ಮುಚ್ಚಿ, ಹೆಡ್‌ಫೋನ್ ಹಾಕಿ ಇನ್ನೊಮ್ಮೆ ಕೇಳಿದೆ. ಮಗಳು ಒಂದು ಹೆಜ್ಜೆ ದೂರದಲ್ಲಿ, ಮೂರು ಹೆಜ್ಜೆ ದೂರದಲ್ಲಿ, ಕೋಣೆಯ ಆ ತುದಿಯಲ್ಲಿ ನಿಂತು ಅದೇ ಪದ್ಯ ಹೇಳಿದ್ದಳು. ಫ್ಯಾನ್ ಹಾಕಿ ಒಮ್ಮೆ, ಆರಿಸಿ ಒಮ್ಮೆ. ಮೂರು ಹೆಜ್ಜೆ ದಾಟಿದರೆ ಯಾವ ಕ್ಯಾಮೆರಾದ ಮೈಕೂ ಸಾಲಲಿಲ್ಲ. ಇದು ಆ ಮೂರರ ತಪ್ಪಲ್ಲ. ಜೂಮ್ ಮುಖವನ್ನು ಹತ್ತಿರ ತರುತ್ತದೆ, ಮಾತನ್ನು ತರುವುದಿಲ್ಲ. ಮೈಕ್ ಎಲ್ಲಿದೆಯೋ ಅಲ್ಲಿಂದಲೇ ಕೇಳಿಸಿಕೊಳ್ಳುತ್ತದೆ.

ವ್ಯತ್ಯಾಸ ಕಂಡದ್ದು ಸಣ್ಣ ವಿಷಯಗಳಲ್ಲಿ. ಕೋಣೆ ನಿಶ್ಶಬ್ದವಾದ ಕೂಡಲೇ ಗೆಳತಿಯ ಕ್ಯಾಮೆರಾ ತಾನಾಗಿ ಧ್ವನಿಯ ಮಟ್ಟ ಏರಿಸುತ್ತಿತ್ತು. ಮಗಳು ಉಸಿರು ತಗೊಳ್ಳುವ ಪ್ರತಿ ಸಲವೂ ಫ್ಯಾನಿನ ಸದ್ದು ಉಬ್ಬಿ ಬಂದು ಮತ್ತೆ ಇಳಿಯುತ್ತಿತ್ತು. ಅಕ್ಕನದರಲ್ಲಿ ಮೈಕ್ ಮೇಲ್ಗಡೆ, ಜೂಮ್ ಗುಂಡಿಯ ಪಕ್ಕದಲ್ಲೇ. ಬೆರಳು ಸರಿದರೆ ಸಾಕು, ಕರಕರ ಸದ್ದು. ಬಾಡಿಗೆಯದರಲ್ಲಿ ಮೈಕ್ ಲೆನ್ಸಿನ ಕೆಳಗಿತ್ತು, ಧ್ವನಿಯ ಮಟ್ಟವನ್ನು ಕೈಯಲ್ಲೇ ಹೊಂದಿಸಬಹುದಿತ್ತು. ಹೊರಗಿನ ಮೈಕ್ ಸಿಗಿಸಲು ಒಂದು ತೂತು, ಹೆಡ್‌ಫೋನಿಗೆ ಒಂದು ತೂತು ಇದ್ದವು. ಚಿಕ್ಕ ಕ್ಯಾಮೆರಾಗಳಲ್ಲಿ ಮೊದಲು ಕೈಬಿಡುವುದು ಈ ಎರಡನ್ನೇ. ಮೈಕ್ ಇವತ್ತು ಕೊಳ್ಳದಿದ್ದರೂ ಪರವಾಗಿಲ್ಲ, ತೂತು ಇರಲಿ. ಅದನ್ನು ಆಮೇಲೆ ಕೊರೆಸಲಾಗುವುದಿಲ್ಲ.

ಮಾರನೇ ದಿನ ಹಗಲು ಮಾಡಿದ ಪರೀಕ್ಷೆಗಳು ಬೇಗ ಮುಗಿದವು. ಕೋಣೆಯ ಒಂದು ಮೂಲೆಯಲ್ಲಿ ಬೆನ್ನು ಗೋಡೆಗೆ ಒತ್ತಿ ನಿಂತು ಎಷ್ಟು ಜನ ಚಿತ್ರದೊಳಗೆ ಬರುತ್ತಾರೆ ಅಂತ ನೋಡಿದೆ. ಅಕ್ಕನದರಲ್ಲಿ ಸೋಫಾದ ಅರ್ಧ ಬಂತು, ಬಾಡಿಗೆಯದರಲ್ಲಿ ಪೂರ್ತಿ ಸೋಫಾ ಬಂದು ಪಕ್ಕದ ಬಾಗಿಲೂ ಬಂತು. ದೂರದ್ದನ್ನು ಹತ್ತಿರ ತರುವುದಕ್ಕಿಂತ ಹತ್ತಿರದ್ದನ್ನೆಲ್ಲ ಒಳಗೆ ಸೇರಿಸುವುದೇ ಮನೆಯೊಳಗೆ ಕಷ್ಟ. ಆಮೇಲೆ ಮಗಳ ಹಿಂದೆ ಹಜಾರದಲ್ಲಿ ನಡೆದೆ. ಲೆನ್ಸನ್ನೋ ಸೆನ್ಸರನ್ನೋ ಅಲುಗಿಸಿ ಅದುರುವಿಕೆ ತಡೆಯುವ ಆಪ್ಟಿಕಲ್ ಸ್ಟೆಬಿಲೈಸರ್ ಇದ್ದ ಎರಡೂ ಸುಮಾರಾಗಿ ನಿಂತವು. ಎಲೆಕ್ಟ್ರಾನಿಕ್ ಇದ್ದದ್ದು ಚಿತ್ರದ ಅಂಚುಗಳನ್ನು ಕತ್ತರಿಸಿಕೊಂಡು ಕೆಲಸ ಮಾಡುತ್ತಿತ್ತು. ಮೊದಲೇ ಕಿರಿದಾಗಿದ್ದ ನೋಟ ಇನ್ನೂ ಕಿರಿದಾಯಿತು. ಕ್ಯಾಮೆರಾವನ್ನು ಪಟ್ಟನೆ ತಿರುಗಿಸಿದರೆ ಬಾಗಿಲ ಚೌಕಟ್ಟು ಓರೆಯಾಗಿ ವಾಲುವುದು ಮೂರರಲ್ಲೂ ಇತ್ತು. ಸಿಮಾಸ್ ಅನ್ನುವ ಬಗೆಯ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಹಾಗಾಗುತ್ತದೆ. ನಿಧಾನ ತಿರುಗಿಸಿದರೆ ಕಾಣುವುದಿಲ್ಲ, ಅದಕ್ಕೆ ನಾನು ಅಂಕ ಕಳೆಯಲಿಲ್ಲ.

ಫೋಕಸ್ ನೋಡಲು ಮಗಳನ್ನು ಕಿಟಕಿಯಿಂದ ನನ್ನ ಕಡೆಗೆ ಓಡಿ ಬರಲು ಹೇಳಿದೆ. ಹಿಂದೆ ಜೋರು ಬೆಳಕು, ಮುಂದೆ ಓಡುವ ಮಗು. ಮುಖ ಕಪ್ಪಾಗುತ್ತದಾ, ಫೋಕಸ್ ಕಿಟಕಿಯ ಮೇಲೇ ಉಳಿದುಬಿಡುತ್ತದಾ, ಹಿಂದೆ ಮುಂದೆ ತಡಕಾಡುತ್ತದಾ, ಇಷ್ಟೂ ಒಂದೇ ಓಟದಲ್ಲಿ ಗೊತ್ತಾಗುತ್ತದೆ. ಗೆಳತಿಯ ಕ್ಯಾಮೆರಾ ಇದರಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು.

ಒಂದು ಪರೀಕ್ಷೆಯನ್ನು ಯಾರೂ ಹೇಳಿಕೊಡಲಿಲ್ಲ, ನಾನೇ ಯೋಚಿಸಿ ಮಾಡಿದ್ದು. ಎಡಗೈಯಲ್ಲಿ ಒಂದು ದಿಂಬನ್ನು ಮಗುವಿನ ಹಾಗೆ ಎತ್ತಿಕೊಂಡೆ. ಈಗ ಬಲಗೈಯೊಂದರಲ್ಲೇ ಮೇಜಿನ ಮೇಲಿನ ಕ್ಯಾಮೆರಾ ಎತ್ತಿ, ಆನ್ ಮಾಡಿ, ರೆಕಾರ್ಡ್ ಶುರು ಮಾಡಬೇಕು. ಮೂರರಲ್ಲೂ ಪರದೆ ತೆರೆದರೇ ಕ್ಯಾಮೆರಾ ಆನ್ ಆಗುವುದು. ಗಲ್ಲದಿಂದ ಪರದೆ ತಳ್ಳಿ ತೆರೆಯಬೇಕಾಯಿತು. ತೆರೆದ ಮೇಲೆ ಅಕ್ಕನದು ಒಂದು, ಎರಡು ಅಂತ ಎಣಿಸುವಷ್ಟರಲ್ಲಿ ತಯಾರು. ಬಾಡಿಗೆಯದಕ್ಕೆ ನಾಲ್ಕು ಎಣಿಸಬೇಕಾಯಿತು. ನಾಲ್ಕು ಎಣಿಸುವುದರೊಳಗೆ ಮಗು ನಗುವುದನ್ನು ನಿಲ್ಲಿಸಿರುತ್ತದೆ. ಆದರೆ ಅದರಲ್ಲಿ ಪ್ರೀ-ರೆಕಾರ್ಡ್ ಅಂತ ಒಂದಿತ್ತು. ಕ್ಯಾಮೆರಾ ಆನ್ ಆಗಿ ಕಾಯುತ್ತಿದ್ದರೆ, ಗುಂಡಿ ಒತ್ತುವ ಹಿಂದಿನ 3 ಸೆಕೆಂಡನ್ನೂ ಸೇರಿಸಿಕೊಳ್ಳುತ್ತದೆ. ಅದರಿಂದ ಸ್ವಲ್ಪ ಸಮಾಧಾನವಾಯಿತು.

ಫೋನ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಐದು ನಿಮಿಷದ ತುಣುಕಿಗೆ ಫೋನ್ ಸಾಕು. ನಾನೂ ಬಳಸುತ್ತೇನೆ. ಒಂದು ಗಂಟೆಯ ಶಾಲಾ ನಾಟಕವನ್ನು ಕೊನೆಯ ಸಾಲಿನಿಂದ ಒಂದೇ ಸಮನೆ ತೆಗೆಯುವಾಗ ಕ್ಯಾಮ್‌ಕಾರ್ಡರಿನ ಜೂಮ್, ಕೈಪಟ್ಟಿ, ಬದಲಿಸುವ ಬ್ಯಾಟರಿ ಇವುಗಳ ಬೆಲೆ ಗೊತ್ತಾಗುತ್ತದೆ.

ಬ್ಯಾಟರಿ ವಿಷಯದಲ್ಲಿ ಕೈಪಿಡಿ ಎರಡು ಲೆಕ್ಕ ಕೊಡುತ್ತದೆ. ನಿಲ್ಲಿಸದೆ ತೆಗೆದರೆ ಇಷ್ಟು. ಜೂಮ್ ಮಾಡುತ್ತ, ಆನ್ ಆಫ್ ಮಾಡುತ್ತ ತೆಗೆದರೆ ಇಷ್ಟು. ಎರಡನೆಯದು ಸುಮಾರು ಮೊದಲನೆಯದರ ಅರ್ಧ ಇರುತ್ತದೆ. ನಮ್ಮ ಬಳಕೆಗೆ ಅದೇ ನಿಜ.

ಕೊನೆಗೆ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಿ ನೋಡಿದೆ. ಇದನ್ನು ಕೊಂಡ ಮೇಲೆ ನೋಡೋಣ ಅಂತ ಬಿಡುವವರೇ ಜಾಸ್ತಿ. 1080ರಲ್ಲಿ ಸೆಕೆಂಡಿಗೆ 50 ಫ್ರೇಮ್, 28 ಮೆಗಾಬಿಟ್ ಅಂದರೆ ಗಂಟೆಗೆ 12 ಜಿಬಿಗೂ ಜಾಸ್ತಿ. 100 ಮೆಗಾಬಿಟ್ಟಿನ 4ಕೆ ಆದರೆ ಗಂಟೆಗೆ 45 ಜಿಬಿ. ವರ್ಷಕ್ಕೆ ಎಷ್ಟು ಗಂಟೆ ತೆಗೆಯುತ್ತೇನೆ, ಎರಡು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇಡಲು ಎಷ್ಟು ಜಾಗ ಬೇಕು ಅಂತ ಆಗಲೇ ಲೆಕ್ಕ ಹಾಕಿದೆ. ಇನ್ನೊಂದು ಎಡವಟ್ಟು ಆಗಲೇ ಗೊತ್ತಾಗಿದ್ದು ಒಳ್ಳೆಯದಾಯಿತು. ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫ್ಯಾಟ್ 32 ಅನ್ನುವ ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಹಾಗಾಗಿ ಉದ್ದದ ವಿಡಿಯೋ ತುಂಡು ತುಂಡಾಗಿ ಕೂರುತ್ತದೆ. ನಾನು ಬರೀ ಆ ತುಂಡುಗಳನ್ನು ಎಳೆದು ಜೋಡಿಸಿದೆ. ಜೋಡಿಸಿದ ಜಾಗದಲ್ಲಿ ಮಾತು ಒಂದು ಕ್ಷಣ ತುಂಡಾಯಿತು. ಕಾರ್ಡಿನ ಇಡೀ ಫೋಲ್ಡರನ್ನು ಹಾಗೆಹಾಗೇ ಕಾಪಿ ಮಾಡಿ, ಕ್ಯಾಮೆರಾ ಜೊತೆ ಬರುವ ಸಾಫ್ಟ್‌ವೇರ್‌ನಿಂದ ಜೋಡಿಸಿದಾಗ ಸರಿಹೋಯಿತು. ಅಂದಿನಿಂದ ಒಂದೊಂದೇ ಫೈಲ್ ಎಳೆಯುವ ಅಭ್ಯಾಸ ಬಿಟ್ಟೆ.

ಬಾಡಿಗೆಗೆ ತಂದ ಮಾದರಿಯನ್ನೇ ಕೊಂಡೆ. ಮೂರರಲ್ಲಿ ಅದರ ಜೂಮೇ ಎಲ್ಲಕ್ಕಿಂತ ಕಡಿಮೆ, ಬರೀ 10 ಪಟ್ಟು. ತೂಕವೂ ಸ್ವಲ್ಪ ಜಾಸ್ತಿ. ಮೆನು ಪೂರ್ತಿ ಪರದೆ ಮುಟ್ಟಿಯೇ ನಡೆಸಬೇಕು, ಮಗು ಎಡಗೈಯಲ್ಲಿದ್ದರೆ ಅದು ಆಗದ ಮಾತು. ಹಾಗಾಗಿ ಮನೆಗೆ ತಂದ ಸಂಜೆಯೇ ಕೂತು ಎಲ್ಲ ಹೊಂದಿಸಿಟ್ಟೆ. ಡಿಜಿಟಲ್ ಜೂಮ್ ಆಫ್. ಆಟೋ ಸ್ಲೋ ಶಟರ್ ಆಫ್. ಗುಂಡಿ ಒತ್ತಿದಾಗ ಬರುವ ಬೀಪ್ ಸದ್ದೂ ಆಫ್, ಮಲಗಿದ ಮಗು ಏಳಬಾರದು ಅಂತ. ಪ್ರೀ-ರೆಕಾರ್ಡ್ ಬೇಕಾದಾಗ ತಕ್ಷಣ ಸಿಗುವ ಹಾಗೆ ಮೊದಲ ಪುಟಕ್ಕೆ ತಂದೆ.

ಕೊನೆಯಲ್ಲಿ ದಿನಾಂಕ, ಸಮಯ ಹಾಕಿ ಎರಡು ಸಲ ನೋಡಿದೆ. ಹಳೇ ಕ್ಯಾಮೆರಾದಲ್ಲಿ ಗಡಿಯಾರದ ಪುಟ್ಟ ಬ್ಯಾಟರಿ ಸತ್ತು, ತಾರೀಕು ಎಲ್ಲೋ ಹಿಂದಕ್ಕೆ ಹೋಗಿತ್ತು. ನಾನು ಗಮನಿಸಿರಲಿಲ್ಲ. "ತಂದಮಾಮ" ಅಂದ ರಾತ್ರಿ ಯಾವುದು ಅಂತ ಆ ಟೇಪಿನಿಂದ ಈಗ ಹೇಳಲಾಗುವುದಿಲ್ಲ.