ಹುಬ್ಬಳ್ಳಿಗೆ ಹೋಗೋಕೆ ಒಂದು ರೈಲು, ಬರೋಕೆ ಇನ್ನೊಂದು: ನನ್ನ ಅನುಭವ

ನನ್ನ ಕೆಲಸ ಎಂಬ್ರಾಯ್ಡರಿ ಮಷಿನ್ ಸರ್ವೀಸ್. ಮನೆ ಬೆಂಗಳೂರಿನ ದಾಸರಹಳ್ಳಿ ಕಡೆ, ಗಿರಾಕಿಗಳಲ್ಲಿ ನಾಲ್ಕು ಜನ ಹುಬ್ಬಳ್ಳಿ-ಧಾರವಾಡದವರು. ತಿಂಗಳಿಗೆ ಒಂದೋ ಎರಡೋ ಸಲ ಹೋಗಲೇಬೇಕು. 2024ರ ಶುರುವಿನಿಂದ 2025ರ ಕೊನೆಯವರೆಗೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಯಾಣದ ಖರ್ಚು, ಹೊತ್ತು, ನಿದ್ದೆ ಮೂರನ್ನೂ ಬರೆದಿಟ್ಟೆ. ಮೂವತ್ತೈದು ನಲವತ್ತು ಸಲ ಹೋಗಿ ಬಂದಿರಬೇಕು. ಬುಕ್ಕಿನ ಮೊದಲ ಹಾಳೆಗಳು ಮಳೆಯಲ್ಲಿ ನೆನೆದು ಹೋದವು, ಹಾಗಾಗಿ ಕೆಳಗಿನ ಕೆಲವು ಅಂಕಿ ನೆನಪಿನವು.

ಬರೆಯೋಕೆ ಕಾರಣ ನನ್ನ ಭಾಮೈದ. "ಭಾವ, ಸ್ಲೀಪರ್ ಬಸ್ಸಿಗೆ ಹತ್ತಿ ಮಲಗೋದು ಬಿಟ್ಟು ಇದೇನು ಪಿಎಚ್‌ಡಿ?" ಅಂತ ಎರಡು ವರ್ಷ ಆಡಿಕೊಂಡ. ನಮ್ಮ ಲೈನಿನ ಇನ್ನೊಬ್ಬ ಮೆಕ್ಯಾನಿಕ್‌ದು ಬೇರೆ ವಾದ. ವಂದೇ ಭಾರತ್ ಇರುವಾಗ ಯೋಚನೆ ಯಾಕೆ ಅಂತ. ಈಗ ಇಬ್ಬರೂ ನನ್ನನ್ನೇ ಕೇಳಿ ಟಿಕೆಟ್ ಮಾಡುತ್ತಾರೆ.

ನಾನೂ ಮೊದಲು ವಂದೇ ಭಾರತ್‌ಗೇ ಬಿದ್ದೆ. 2023ರ ಜೂನ್‌ನಲ್ಲಿ ಧಾರವಾಡದ್ದು ಶುರುವಾದಾಗ ಎಲ್ಲರಂತೆ ನನಗೂ ಖುಷಿ. ಬೆಳಗ್ಗೆ 5:45ಕ್ಕೆ ಬೆಂಗಳೂರು ಬಿಟ್ಟರೆ ಐದೂಮುಕ್ಕಾಲು ಗಂಟೆ ಆಸುಪಾಸಿನಲ್ಲಿ ಹುಬ್ಬಳ್ಳಿ. ಚೇರ್ ಕಾರ್‌ಗೆ ಸಾವಿರದ ನೂರೈವತ್ತು ಹತ್ತಿರ. ಸೀಟು ಚೆನ್ನಾಗಿದೆ, ಮೊಬೈಲ್ ಚಾರ್ಜ್ ಆಗುತ್ತೆ. ನಾಲ್ಕೈದು ಸಲ ಹೋಗಿ ಬಂದ ಮೇಲೆ ಲೆಕ್ಕ ನೋಡಿದರೆ ಪ್ರತಿ ಸಲವೂ ಮೂರೂವರೆ ಸಾವಿರ ದಾಟಿದೆ. ಟಿಕೆಟ್ಟಿನದು ಹೋಗಿ ಬಂದು ಎರಡು ಸಾವಿರದ ಮುನ್ನೂರು. ಉಳಿದದ್ದು ಎಲ್ಲಿ ಹೋಯಿತು?

ಲಾಡ್ಜಿಗೆ ಹೋಯಿತು. ಇಷ್ಟು ಸಣ್ಣ ವಿಷಯ ನನಗೆ ಹೊಳೆಯೋಕೆ ಆರು ತಿಂಗಳು ಬೇಕಾಯಿತು. ಬೆಳಗ್ಗೆ ಹೋದ ರೈಲೇ ಧಾರವಾಡದಲ್ಲಿ ತಿರುಗಿ ಮಧ್ಯಾಹ್ನ 1:15ಕ್ಕೆ ಹೊರಡುತ್ತೆ. ಅಂದರೆ ಹುಬ್ಬಳ್ಳಿಯಲ್ಲಿ ಇಳಿದು ಮತ್ತೆ ಹತ್ತೋದರ ನಡುವೆ ನಿಮಗೆ ಸಿಗೋದು ಎರಡು ಗಂಟೆ. ಅಷ್ಟರಲ್ಲಿ ಮಷಿನ್ ಕವರ್ ಬಿಚ್ಚಬಹುದು, ಮುಚ್ಚೋಕೆ ಆಗಲ್ಲ. ಹಾಗಾಗಿ ರಾತ್ರಿ ಉಳಿಯಲೇಬೇಕು. ಒಂದು ದಿನದ ಕೆಲಸಕ್ಕೆ ಎರಡು ದಿನ. ಭಾನುವಾರ ಹೊರಟರೆ ಇನ್ನೂ ಒಂದು ಪೆಟ್ಟು. ಮೆಟ್ರೋ ಏಳಕ್ಕೆ ಶುರು, ರೈಲು ಅದಕ್ಕೆ ಮುಂಚೆ, ಆಟೋದವನಿಗೆ ನಾನೂರು.

ಮಂಗಳವಾರದ ಕಥೆಯನ್ನೂ ಹೇಳಿಬಿಡುತ್ತೇನೆ. ಈ ರೈಲಿಗೆ ಮಂಗಳವಾರ ರಜೆ. ಗೊತ್ತಿದ್ದೂ ಮರೆತು ಒಂದು ಸಲ ಸೋಮವಾರ ಹೋದೆ. ಮಾರನೇ ದಿನ ವಾಪಸ್ಸಿಗೆ ಟಿಕೆಟ್ ಹುಡುಕಿದರೆ ರೈಲೇ ತೋರಿಸುತ್ತಿಲ್ಲ. ಆ್ಯಪ್ ಕೆಟ್ಟಿದೆ ಅಂತ ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿದೆ!

ಆಮೇಲೆ ರಾತ್ರಿ ರೈಲುಗಳ ಕಡೆ ತಿರುಗಿದೆ. ಇಲ್ಲೂ ಮೊದಲು ಎಡವಿದೆ. ವೇಗದ್ದೇ ಒಳ್ಳೆಯದು ಅಂತ ಬೆಳಗಾವಿ ಸೂಪರ್‌ಫಾಸ್ಟ್ ಹಿಡಿದೆ. ರಾತ್ರಿ ಒಂಬತ್ತಕ್ಕೆ ಹೊರಡುತ್ತೆ. ಟೈಮಿಗೆ ಸರಿಯಾಗಿ ಓಡಿತು, ಅದೇ ತೊಂದರೆ. ಹುಬ್ಬಳ್ಳಿಯಲ್ಲಿ ಇಳಿದಾಗ ಇನ್ನೂ ನಾಲ್ಕರ ಸುಮಾರು, ಕಗ್ಗತ್ತಲು. ಗಿರಾಕಿ ಬಾಗಿಲು ತೆಗೆಯೋದು ಒಂಬತ್ತಕ್ಕೆ. ಹದಿನಾರು ಕಿಲೋ ಟೂಲ್ ಬ್ಯಾಗ್ ಕಾಲಿಗೆ ಸಿಕ್ಕಿಸಿಕೊಂಡು ಬೆಂಚಿನ ಮೇಲೆ ತೂಕಡಿಸಿದೆ. ಬೆಳಗಾವಿಗೆ ಹೋಗುವವರಿಗೆ ಅದು ಬಹಳ ಒಳ್ಳೆಯ ಟೈಮಿಂಗ್. ನನಗೆ ಅಲ್ಲ. ಅಲ್ಲಿಂದ ನೋಟ್‌ಬುಕ್ಕಿನಲ್ಲಿ ಎಷ್ಟು ಗಂಟೆ ಪ್ರಯಾಣ ಅಂತ ಬರೆಯೋದು ಬಿಟ್ಟೆ. ಇಳಿದ ಮೇಲೆ ಕೆಲಸಕ್ಕೆ ಕೈ ಹಚ್ಚೋವರೆಗೆ ಎಷ್ಟು ಹೊತ್ತು ಸುಮ್ನೆ ಕೂತೆ, ಅದನ್ನು ಬರೆಯತೊಡಗಿದೆ.

ಆ ಲೆಕ್ಕದಲ್ಲಿ ಗೆದ್ದದ್ದು ರಾಣಿ ಚೆನ್ನಮ್ಮ. ರಾತ್ರಿ ಹನ್ನೊಂದಕ್ಕೆ ಬೆಂಗಳೂರು ಬಿಡುತ್ತೆ, ಹುಬ್ಬಳ್ಳಿಗೆ ಏಳರ ಆಸುಪಾಸು. ಮನೆಯಲ್ಲಿ ಊಟ ಮಾಡಿ, ಮಗಳನ್ನು ಮಲಗಿಸಿ, ಯಶವಂತಪುರಕ್ಕೆ ಹೋಗಿ ಹತ್ತಬಹುದು. ಮೆಜೆಸ್ಟಿಕ್‌ವರೆಗೆ ಹೋಗೋದೇ ಬೇಡ. ಮೆಟ್ರೋದ ಹಸಿರು ಲೈನಿನ ಕಡೆ ಮನೆ ಇದ್ದೂ ಮೆಜೆಸ್ಟಿಕ್‌ಗೆ ಹೋಗಿ ಹತ್ತುವವರನ್ನು ನೋಡಿದರೆ ನನಗೆ ಇವತ್ತಿಗೂ ಅರ್ಥ ಆಗಲ್ಲ. ಥರ್ಡ್ ಎಸಿ ಎಂಟುನೂರರ ಹತ್ತಿರ, ಸ್ಲೀಪರ್ ಮುನ್ನೂರು. ಬೆಳಗ್ಗೆ ಮುಖ ತೊಳೆದು ಇಡ್ಲಿ ತಿಂದು ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಚಿಗರಿ ಬಸ್ ಹತ್ತಿದರೆ ಉಣಕಲ್ ಹತ್ತಿರದ ಗಿರಾಕಿ ಮನೆಗೆ ಎಂಟೂವರೆ. ಅವರಿನ್ನೂ ಚಹಾ ಕುಡಿಯುತ್ತಿರುತ್ತಾರೆ.

ಸ್ಲೀಪರ್‌ನಲ್ಲಿ ಹೋಗಿ ಐನೂರು ಉಳಿಸೋಣ ಅಂತ ಒಂದು ಚಳಿಗಾಲ ಪೂರ್ತಿ ನೋಡಿದೆ. ಅರಸೀಕೆರೆ ದಾಟಿದ ಮೇಲೆ ಕಿಟಕಿ ಸಂದಿಯಿಂದ ಬರುವ ಗಾಳಿ ಗೊತ್ತಲ್ಲ. ನಿದ್ದೆ ಮೂರು ಗಂಟೆ. ಥರ್ಡ್ ಎಸಿಯಲ್ಲಿ ಐದೂವರೆ ಆರು. ಕೈಕೆಲಸದವನಿಗೆ ಈ ವ್ಯತ್ಯಾಸ ಐನೂರಕ್ಕಿಂತ ಜಾಸ್ತಿ. ಇದನ್ನು ದುಡ್ಡು ಕೊಟ್ಟೇ ಕಲಿತೆ.

ಕಲಿಸಿದ್ದು ಒಂದು ಆರ್‌ಎಸಿ ರಾತ್ರಿ, ಅಂದರೆ ಒಂದೇ ಬರ್ತನ್ನು ಇಬ್ಬರಿಗೆ ಹಂಚಿ ಕೊಡೋ ಟಿಕೆಟ್. ಸೈಡ್ ಲೋವರ್‌ನಲ್ಲಿ ನಾನೂ ಇನ್ನೊಬ್ಬರೂ. ಪಾಪ ಅವರು ವಯಸ್ಸಾದವರು, ಕಾಲು ಚಾಚಲಿ ಅಂತ ನಾನು ಬೆಳಗಿನವರೆಗೂ ಗೋಡೆಗೆ ಒರಗಿ ಕೂತೆ. ಮಾರನೇ ದಿನ ಮಷಿನ್‌ನಲ್ಲಿ ದಾರ ಹಿಡಿಯೋ ಹುಕ್ಕಿನ ಟೈಮಿಂಗ್ ಕೂರಿಸುವಾಗ ಸ್ಕ್ರೂ ಬಿಗಿಯೋದು ಮರೆತು ಮಷಿನ್ ಓಡಿಸಿದೆ. ಸೂಜಿ ಹೋಗಿ ಹುಕ್ಕಿಗೆ ಬಡಿಯಿತು. ಹೊಸ ಹುಕ್ಕಿಗೆ ನಾಲ್ಕೂವರೆ ಸಾವಿರ ನನ್ನ ಕೈಯಿಂದಲೇ. ಗಿರಾಕಿ ಬೈಯಲಿಲ್ಲ, "ರೊಕ್ಕ ಉಳಿಸಾಕ ಹೋಗಿ ನಿದ್ದಿ ಕಳ್ಕೊಂಡ್ರಿ ನೋಡ್ರಿ" ಅಂದರು ಅಷ್ಟೇ. ಅವತ್ತಿನಿಂದ ಆರ್‌ಎಸಿ ಬಂದರೆ ನಾನು ಹೊರಡಲ್ಲ. ಸುಮ್ನೆ ಮದುವೆಗೆ ಹೋಗೋದಾದರೆ ಆರ್‌ಎಸಿ ಸಾಕು.

ಇನ್ನು ವಾಪಸ್ ಬರೋದು. ಇದರಲ್ಲೇ ಎಲ್ಲರೂ ದುಡ್ಡು ಸುರಿಯೋದು. ಮಧ್ಯಾಹ್ನ ಹುಬ್ಬಳ್ಳಿಯಿಂದ ಬೆನ್ನಿಗೆ ಬೆನ್ನು ಎರಡು ರೈಲು. ಮೊದಲು ವಂದೇ ಭಾರತ್. ಸ್ವಲ್ಪ ಹೊತ್ತಿಗೆ, ಎರಡರ ಆಸುಪಾಸಿಗೆ, ಜನ ಶತಾಬ್ದಿ. ಮೊದಲನೆಯದು ಏಳೂಮುಕ್ಕಾಲಿಗೆ ಬೆಂಗಳೂರು, ಎರಡನೆಯದು ಒಂಬತ್ತರ ಸುತ್ತಮುತ್ತ. ಮೊದಲನೆಯದಕ್ಕೆ ಸಾವಿರದ ನೂರೈವತ್ತು. ಎರಡನೆಯದರ ಸೆಕೆಂಡ್ ಸಿಟ್ಟಿಂಗ್‌ಗೆ ಇನ್ನೂರರ ಹತ್ತಿರ. ಅಂದರೆ ಒಂದೂಕಾಲು ಗಂಟೆ ಬೇಗ ಮನೆ ಸೇರೋಕೆ ಒಂಬೈನೂರೈವತ್ತು ರೂಪಾಯಿ. ನನ್ನ ಒಂದು ಗಂಟೆ ದುಡಿಮೆ ಮುನ್ನೂರು. ಅದೂ ಒಳ್ಳೆಯ ದಿನ. ಎರಡೂ ಹೊತ್ತಿನಲ್ಲಿ ಮೆಟ್ರೋ ಇರುತ್ತೆ, ಆಟೋ ಖರ್ಚು ಇಲ್ಲ. ಮಗಳು ಎಂಟೂವರೆಗೇ ಮಲಗಿರುತ್ತಾಳೆ, ಏಳೂಮುಕ್ಕಾಲಿಗೆ ಇಳಿದು ಮನೆ ಸೇರಿದರೂ ಅವಳು ಸಿಗಲ್ಲ. ಇನ್ನೇನಕ್ಕೆ ಓಡಬೇಕು?

ಜೊತೆಗೆ ಒಂದೂವರೆವರೆಗೆ ಕೆಲಸ ಮಾಡಬಹುದು. ಈ ಕೊನೆಯ ಅರ್ಧ ಗಂಟೆಯಲ್ಲೇ ಮಷಿನ್ ಓಡಿಸಿ ತೋರಿಸಿ ಬಿಲ್ ವಸೂಲಿ ಆಗೋದು. ಬಾಕಿ ಬಿಟ್ಟು ಬಂದರೆ ಯುಪಿಐಗೆ ಹತ್ತು ದಿನ ಕಾಯಬೇಕು.

ಬೆನ್ನು ನೋಯಲ್ವಾ ಅಂತ ಕೇಳುತ್ತೀರಿ. ನೋಯುತ್ತೆ. ಏಳು ಗಂಟೆ ಸೆಕೆಂಡ್ ಸಿಟ್ಟಿಂಗ್ ಅಂದರೆ ಸುಮ್ನೆ ಅಲ್ಲ. ಮಾರ್ಚ್‌ನಿಂದ ಮೇ ತನಕ ನಾನು ಅದೇ ರೈಲಿನ ಎಸಿ ಚೇರ್ ಕಾರ್ ಮಾಡುತ್ತೇನೆ, ಏಳುನೂರು ಚಿಲ್ಲರೆ. ಉಳಿದ ತಿಂಗಳು ಸೆಕೆಂಡ್ ಸಿಟ್ಟಿಂಗ್, ಎಡಗಡೆ ಕಿಟಕಿ. ಯಾಕೆ ಎಡ ಅಂದರೆ ಈ ಲೈನಿನಲ್ಲಿ ಬೆಳಗ್ಗೆ ಹೋಗುವಾಗಲೂ ಬಿಸಿಲು ಬಲಕ್ಕೆ, ಮಧ್ಯಾಹ್ನ ಬರುವಾಗಲೂ ಬಲಕ್ಕೆ. ದಾರಿ ವಾಯವ್ಯಕ್ಕೆ ಹೋಗುತ್ತೆ, ಸೂರ್ಯ ಅಷ್ಟರಲ್ಲಿ ಆ ಕಡೆ ತಿರುಗಿರುತ್ತಾನೆ. ಇದನ್ನು ಪತ್ತೆ ಮಾಡೋಕೆ ನಾಲ್ಕು ಪ್ರಯಾಣ ಸುಟ್ಟುಕೊಂಡೆ, ಅಕ್ಷರಶಃ, ಮೊಣಕೈ ಕಪ್ಪಾಗಿತ್ತು. ಹರಿಹರದಲ್ಲಿ ತುಂಗಭದ್ರೆ ಎರಡೂ ಕಡೆಯಿಂದ ಕಾಣುತ್ತಾಳೆ, ಆ ಚಿಂತೆ ಬೇಡ.

ಈಗ ಲೆಕ್ಕ. ರಾತ್ರಿ ಥರ್ಡ್ ಎಸಿ ಎಂಟುನೂರು, ವಾಪಸ್ ಇನ್ನೂರು, ಬಸ್ಸು ಮೆಟ್ರೋ ತಿಂಡಿ ಎಲ್ಲ ಸೇರಿ ಇನ್ನೊಂದು ಮುನ್ನೂರು. ಸಾವಿರದ ಮುನ್ನೂರಕ್ಕೆ ಮುಗಿಯಿತು. ಲಾಡ್ಜ್ ಇಲ್ಲ, ಎರಡನೇ ದಿನ ಹಾಳಾಗಲ್ಲ. ಮೊದಲಿನದಕ್ಕೂ ಇದಕ್ಕೂ ಎರಡು ಸಾವಿರದ ಮೇಲೆ ವ್ಯತ್ಯಾಸ. 2025ರಲ್ಲಿ ಹದಿನೆಂಟು ಸಲ ಹೋಗಿರಬೇಕು, ನಲವತ್ತು ಸಾವಿರದ ಹತ್ತಿರ ಉಳಿಯಿತು. ಅದರಲ್ಲಿ ಒಂದು ಹೊಸ ಟೂಲ್ ಕಿಟ್ ತಗೊಂಡೆ, ಭಾಮೈದನಿಗೆ ತೋರಿಸಿಯೇ ತಗೊಂಡೆ. ಆ ವರ್ಷ ಜುಲೈನಲ್ಲಿ ದರ ಏರಿತು ಅಂತ ಎಲ್ಲ ಕಡೆ ಗಲಾಟೆ ಇತ್ತಲ್ಲ, ಎಸಿಗೆ ಕಿಲೋಮೀಟರಿಗೆ 2 ಪೈಸೆ. ನನಗೆ ಬಿದ್ದದ್ದು ಹತ್ತು ರೂಪಾಯಿ ಒಳಗೆ.

ಆದರೆ ಟಿಕೆಟ್ ಸಿಗಬೇಕಲ್ಲ. ಕಷ್ಟ ಇರೋದು ಅಲ್ಲೇ. 120 ದಿನ ಮುಂಚೆ ಬುಕ್ ಮಾಡುವ ಕಾಲದಲ್ಲಿ ನಾನು ದೊಡ್ಡ ಜಾಣ ಅಂದುಕೊಂಡು ತಿಂಗಳಿಗೆ ನಾಲ್ಕು ತಾರೀಖಿಗೆ ಟಿಕೆಟ್ ಮಾಡಿ ಇಡುತ್ತಿದ್ದೆ, ಬೇಡವಾದದ್ದು ಕ್ಯಾನ್ಸಲ್. ಆಗ ಥರ್ಡ್ ಎಸಿಗೆ ಒಂದೊಂದು ಕ್ಯಾನ್ಸಲ್‌ಗೆ 180 ಹೋಗುತ್ತಿತ್ತು, ಮೇಲೆ ಜಿಎಸ್‌ಟಿ. 48 ಗಂಟೆ ಒಳಗೆ ಬಂದರೆ ಕಾಲು ಭಾಗ, 12 ಗಂಟೆ ಒಳಗೆ ಅರ್ಧ ಹೋಗುತ್ತಿತ್ತು. ಆ ವರ್ಷದಲ್ಲಿ ಬರೀ ಕ್ಯಾನ್ಸಲ್ ದುಡ್ಡೇ ನಾಲ್ಕು ಸಾವಿರ ಆಗಿತ್ತು. ತತ್ಕಾಲ್ ಕನ್ಫರ್ಮ್ ಆದ ಮೇಲೆ ಗಿರಾಕಿ "ಮುಂದಿನ ವಾರ ಬರ್ರಿ" ಅಂದಾಗ ಸಾವಿರದ ಇನ್ನೂರು ಪೂರ್ತಿ ಹೋಯಿತು, ಅದರಲ್ಲಿ ವಾಪಸ್ ಏನೂ ಇಲ್ಲ. 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿಸಿದರು. ಎಲ್ಲರೂ ಗೊಣಗಿದರು, ನನಗೆ ಅನುಕೂಲವೇ ಆಯಿತು. ಎರಡು ತಿಂಗಳು ಮುಂದಿನ ಕೆಲಸ ಗಿರಾಕಿಗೂ ಗೊತ್ತಿರುತ್ತೆ, ನಾಲ್ಕು ತಿಂಗಳದ್ದು ದೇವರಿಗೂ ಗೊತ್ತಿರಲ್ಲ.

2025ರ ಜುಲೈನಿಂದ ಚಾರ್ಟ್, ಅಂದರೆ ಯಾರಿಗೆ ಸೀಟು ಸಿಕ್ಕಿತು ಅನ್ನೋ ಪಟ್ಟಿ, ಎಂಟು ಗಂಟೆ ಮುಂಚೆ ಬರೋಕೆ ಶುರುವಾಯಿತಲ್ಲ, ಅದು ನನ್ನ ಪದ್ಧತಿಗೆ ಜೀವ ಕೊಟ್ಟಿತು. ಅದಕ್ಕೆ ಮುಂಚೆ ಹನ್ನೊಂದರ ರೈಲಿಗೆ ಸಂಜೆ ಏಳರವರೆಗೆ ಉಸಿರು ಹಿಡಿದು ಕೂರಬೇಕಿತ್ತು. ಅಷ್ಟೊತ್ತಿಗೆ ಬಸ್ಸಿನ ದರ ಆಕಾಶಕ್ಕೆ. ಆ ಜುಲೈನಿಂದ ಮಧ್ಯಾಹ್ನ ಮೂರಕ್ಕೇ ಗೊತ್ತಾಗತೊಡಗಿತು. ವೇಟಿಂಗ್ ಹಾಗೇ ಉಳಿದರೆ ಆಗಲೇ ಬಸ್ ಬುಕ್ ಮಾಡಬಹುದು, ಸೀಟೂ ಇರುತ್ತೆ. ವೇಟಿಂಗ್‌ನಲ್ಲಿ ಯಾವ ಪಟ್ಟಿ ಅನ್ನೋದು ನೋಡಿಯೇ ನೋಡಿ. ಜಿಎನ್‌ಡಬ್ಲ್ಯೂಎಲ್ (ಸಾಮಾನ್ಯ ಪಟ್ಟಿ) ಹದಿನೈದು ಇದ್ದರೂ ನಾನು ಹೆದರಲ್ಲ, ಪಿಕ್ಯೂಡಬ್ಲ್ಯೂಎಲ್ (ನಡುವಿನ ಊರುಗಳಿಗೆ ಸೇರಿಸಿ ಇಟ್ಟ ಸಣ್ಣ ಕೋಟಾದ ಪಟ್ಟಿ) ಐದು ಇದ್ದರೂ ನಂಬಲ್ಲ. ಒಂದೇ ರೈಲಿನಲ್ಲಿ ಯಾವ ಊರಿಂದ ಯಾವ ಊರಿಗೆ ಅಂತ ಕೇಳುತ್ತೀರಿ ಅನ್ನೋದರ ಮೇಲೆ ಪಟ್ಟಿ ಬದಲಾಗುತ್ತೆ. ಹಾಗಾಗಿ ಹುಬ್ಬಳ್ಳಿಗೆ ಮಾತ್ರ ನೋಡಬೇಡಿ, ಒಂದೆರಡು ಸ್ಟೇಷನ್ ಮುಂದಕ್ಕೂ ನೋಡಿ. ಇಪ್ಪತ್ತು ಮೂವತ್ತು ರೂಪಾಯಿ ಜಾಸ್ತಿ ಬಿದ್ದರೂ ಕನ್ಫರ್ಮ್ ಸಿಗೋದುಂಟು. ನಾನು ಹಾಕುವ ಜೋಡಿ ಯಾವುದು ಅಂತ ಮಾತ್ರ ಕೇಳಬೇಡಿ. ಇಲ್ಲಿ ಬರೆದರೆ ಮುಂದಿನ ತಿಂಗಳಿಂದ ನನಗೇ ಸಿಗಲ್ಲ. ಯಾವ ವಾರ, ಯಾವ ಹೊತ್ತಿಗೆ ಕ್ಯಾನ್ಸಲ್ ಟಿಕೆಟ್ ಜಾಸ್ತಿ ಉದುರುತ್ತವೆ ಅನ್ನೋದೂ ನನ್ನ ಹತ್ತಿರವೇ ಇರಲಿ.

ಒಂದು ಸಲ ಹುಚ್ಚಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋದೆ. ಅದು ಗುಂತಕಲ್, ಬಳ್ಳಾರಿ, ಹೊಸಪೇಟೆ, ಗದಗ ಸುತ್ತಿಕೊಂಡು ಹುಬ್ಬಳ್ಳಿಗೆ ಬರುತ್ತೆ. ಟಿಕೆಟ್ ಸುಲಭವಾಗಿ ಸಿಕ್ಕಿತು, ನಿದ್ದೆ ಭರ್ತಿ ಎಂಟು ಗಂಟೆ. ಎದ್ದು ನೋಡಿದರೆ ಇನ್ನೂ ಕೊಪ್ಪಳವೇ ಬಂದಿಲ್ಲ. ಅವತ್ತು ಕೆಲಸ ಆಗಲಿಲ್ಲ, ತುಂಗಭದ್ರಾ ಅಣೆಕಟ್ಟು ಕಡೆಯ ಗುಡ್ಡಗಳನ್ನು ನೋಡಿದೆ. ನಷ್ಟ ಅಂತ ಬುಕ್ಕಿನಲ್ಲಿ ಬರೆದಿಲ್ಲ. ಸಿದ್ಧಗಂಗಾ ಇಂಟರ್‌ಸಿಟಿಯನ್ನೂ ನೋಡಿದೆ. ಮಧ್ಯಾಹ್ನ ಒಂದಕ್ಕೆ ಹೊರಟು ರಾತ್ರಿ ಸೇರಿಸುತ್ತೆ, ಮತ್ತೆ ಲಾಡ್ಜ್. 2025ರ ಆಗಸ್ಟ್‌ನಲ್ಲಿ ಶುರುವಾದ ಬೆಳಗಾವಿ ವಂದೇ ಭಾರತ್ ಮಧ್ಯಾಹ್ನ 2:20ಕ್ಕೆ ಹೊರಡುತ್ತೆ, ಹುಬ್ಬಳ್ಳಿಗೆ ಎಂಟು. ಅದೂ ನನಗೆ ಲಾಡ್ಜ್ ಲೆಕ್ಕವೇ. ಹುಬ್ಬಳ್ಳಿಯವರಿಗೆ ಬೆಂಗಳೂರಿನ ಕೆಲಸಕ್ಕೆ ಅದು ಬೇರೆ ಲೆಕ್ಕ, ಅವರು ಮಾಡಿಕೊಳ್ಳಲಿ.

ಬೋಗಿ ವಿಷಯ ಮರೆತಿದ್ದೆ. ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಉದ್ದದ್ದು. ಗಿನ್ನೆಸ್ ದಾಖಲೆಯಲ್ಲಿ ನೋಡೋಕೆ ಚೆಂದ, ಹದಿನಾರು ಕಿಲೋ ಹೊತ್ತವನಿಗೆ ಚೆಂದ ಅಲ್ಲ. ಒಂದು ಸಲ ಸ್ಟೇಷನ್ ಬಾಗಿಲಿಂದ ದೂರದ ತುದಿಯಲ್ಲಿ ಇಳಿದು ನಡೆದು ನಡೆದು ಸಾಕಾಯಿತು. ಈಗ ರಾತ್ರಿ ಮಲಗೋ ಮುಂಚೆ ಬೋಗಿ ಎಲ್ಲಿ ನಿಲ್ಲುತ್ತೆ ಅಂತ ಟಿಟಿಯನ್ನೋ ಬೆಡ್‌ಶೀಟ್ ಕೊಡುವ ಹುಡುಗನನ್ನೋ ಕೇಳುತ್ತೇನೆ. ಬೆಳಗ್ಗೆ ದಾವಣಗೆರೆ ದಾಟಿ ಹಾವೇರಿ ಹತ್ತಿರ ಬರುವಾಗಲೇ ಬ್ಯಾಗ್ ಆ ಕಡೆ ಬಾಗಿಲಿಗೆ ತಂದಿರುತ್ತೇನೆ.

ದೀಪಾವಳಿ ವಾರಕ್ಕೆ ಈ ಲೆಕ್ಕ ಯಾವುದೂ ನಡೆಯಲ್ಲ. ಎರಡು ವರ್ಷವೂ ಪ್ರಯತ್ನ ಮಾಡಿ ಸೋತೆ. ಆ ವಾರ ಗಿರಾಕಿಗೆ ವಿಡಿಯೋ ಕಾಲ್ ಮಾಡಿ, "ಆ ಎಡಗಡೆ ಸ್ಕ್ರೂ ಸ್ವಲ್ಪ ಸಡಿಲ ಮಾಡ್ರಿ, ಅಷ್ಟು ಬೇಡ್ರಿ" ಅಂತ ಇಲ್ಲಿಂದಲೇ ರಿಪೇರಿ ಮಾಡಿಸುತ್ತೇನೆ.